ಉತಾರದಲ್ಲಿ ಹೆಸರಿಲ್ಲದವರು: ಮುಳುಗಡೆ ಹಳ್ಳಿಗಳ ಹೋರಾಟ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಹೋರಾಟ ಸಮಿತಿಗಳಲ್ಲಿರುವ ಹಿರಿಯರಿಗೆ, ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಶರಣು.

2025ರ ಸೆಪ್ಟೆಂಬರ್ 16ರಂದು ರಾಜ್ಯ ಸಚಿವ ಸಂಪುಟ ಪರಿಹಾರದ ದರ ಗೊತ್ತು ಮಾಡಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ. ಕಾಲುವೆಗೆ ಹೋಗುವ ಜಮೀನಿಗೆ 30 ಮತ್ತು 25. ಇದನ್ನು ಯಾರೂ ನಿಮಗೆ ದಾನ ಕೊಟ್ಟದ್ದಲ್ಲ. ಬಿಸಿಲು ಮಳೆ ಅನ್ನದೆ ಧರಣಿ ಕೂತು, ಸರಕಾರ ಬದಲಾದಾಗಲೆಲ್ಲ ಹೊಸ ಮಂತ್ರಿಗೆ ಹಳೆಯ ಮನವಿ ಮತ್ತೆ ಕೊಟ್ಟು ಗಳಿಸಿದ್ದು. ಅದರ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ. ನಾನೂ ಉತಾರ, ಅಂದರೆ ಹೊಲದ ಪಹಣಿ, ಇರುವ ಮನೆಯಲ್ಲಿ ಹುಟ್ಟಿದವನು. ಉತಾರದ ಮೇಲೆ 'ಸ್ವಾಧೀನಕ್ಕೆ ಒಳಪಟ್ಟಿದೆ' ಎಂಬ ಸಾಲು ಬಂದರೆ ಮನೆಯಲ್ಲಿ ಊಟ ಸೇರದಂತಾಗುವುದು ನನಗೆ ಗೊತ್ತು.

ಆದರೂ ಈ ಪತ್ರ ಬರೆಯುತ್ತಿರುವುದು ಉತಾರ ಇರುವವರ ಪರವಾಗಿ ಅಲ್ಲ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಲ್ಲಿಂದ ಇಲ್ಲಿಯವರೆಗೆ ಈ ಭಾಗದ ಮೂರು ತಲೆಮಾರು ಮುಳುಗಡೆಯ ಮಾತು ಕೇಳುತ್ತಲೇ ಬೆಳೆದಿದೆ. ನೀರು 519.60 ಮೀಟರಿಗೆ ನಿಂತಾಗ ಒಂದು ಸುತ್ತು ಹಳ್ಳಿಗಳು ಎದ್ದವು, ಬಾಗಲಕೋಟೆಯ ಹಳೆಯ ಪೇಟೆಯ ಎಷ್ಟೋ ಮನೆಗಳು ನವನಗರಕ್ಕೆ ಹೋದವು. 2010ರ ಡಿಸೆಂಬರ್‌ನಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಗೆಜೆಟ್ ಪ್ರಕಟಣೆ ಕೋರ್ಟು-ಕಚೇರಿಗಳಲ್ಲಿ ಸಿಕ್ಕಿಬಿದ್ದಿತು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ತಂತಮ್ಮ ತಕರಾರು ಹಿಡಿದು ನಿಂತವು. ಇತ್ತ ನಮ್ಮವರ ಗತಿ ಏನು? ಹೊಲ ಮಾರಲು ಕೊಳ್ಳುವವರಿಲ್ಲ, ಮನೆ ಕಟ್ಟಲು ಮನಸ್ಸಿಲ್ಲ, ಬೋರು ಹೊಡೆಸಲು ಧೈರ್ಯವಿಲ್ಲ. ನಡುವೆ 2005, 2009, 2019, 2021 ಎಂದು ಹೊಳೆಯೇ ಬಂದು ಮುಂದಿನದರ ರುಚಿ ತೋರಿಸಿ ಹೋಯಿತು.

ಈಗ ಲೆಕ್ಕ ಮೇಜಿನ ಮೇಲಿದೆ. ಮುಳುಗಡೆಗೆ 75,563 ಎಕರೆ, ಕಾಲುವೆಗೆ 51,837, ಪುನರ್ವಸತಿಗೆ 6,467. ಇಪ್ಪತ್ತು ಹಳ್ಳಿ, ಬಾಗಲಕೋಟೆ ಪಟ್ಟಣದ ಹನ್ನೊಂದು ವಾರ್ಡು. ಅದರಿಂದ ಏಳು ಜಿಲ್ಲೆಗಳ 5.94 ಲಕ್ಷ ಹೆಕ್ಟೇರಿಗೆ ನೀರು. ಎಕರೆಯ ಲೆಕ್ಕ ಇಷ್ಟು ಚೊಕ್ಕವಾಗಿದೆ. ಆ ಎಕರೆಗಳ ಮೇಲೆ ದುಡಿದು ಉಂಡವರು ಎಷ್ಟು ಮಂದಿ ಎಂಬುದು ಮಾತ್ರ ನಿಮ್ಮ ಮನವಿಗಳಲ್ಲೂ ಇಲ್ಲ, ಸರಕಾರದ ಘೋಷಣೆಯಲ್ಲೂ ಇಲ್ಲ.

40 ಲಕ್ಷವನ್ನು ನಲವತ್ತು ಗುಂಟೆಗೆ ಹಂಚಿ ನೋಡಿ: ಗುಂಟೆಗೆ ಒಂದು ಲಕ್ಷ. ಈಗ 2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿ ತೆಗೆಯಿರಿ. ಬದುಕು ಕಳೆದುಕೊಂಡ ಕುಟುಂಬಕ್ಕೆ ಒಂದು ನೌಕರಿ, ಇಲ್ಲವೇ ಒಂದೇ ಗಂಟಿನಲ್ಲಿ 5 ಲಕ್ಷ, ಅದೂ ಇಲ್ಲವೇ ತಿಂಗಳಿಗೆ 2,000 ರೂಪಾಯಿಯಂತೆ ಇಪ್ಪತ್ತು ವರ್ಷ. ಭೂಮಿ ಇಲ್ಲದ ಕುಟುಂಬಕ್ಕೆ ಈ ಕಾಯ್ದೆ ಪೂರ್ತಿಯಾಗಿ ಜಾರಿಯಾದರೂ ಅದರ ಬದುಕಿನ ಬೆಲೆ ನಿಮ್ಮ ಐದು ಗುಂಟೆ. ಜಾರಿಯಾಗದಿದ್ದರೆ ಅದೂ ಇಲ್ಲ.

ಜಾರಿ ಆಗಲಿಕ್ಕಿಲ್ಲ ಎಂಬ ಅನುಮಾನಕ್ಕೆ ಕಾರಣವಿದೆ. ಅದೇ ಕಾಯ್ದೆಯ ಮೂರನೇ ಕಲಮಿನಲ್ಲಿ 'ಬಾಧಿತ ಕುಟುಂಬ' ಯಾವುದು ಎಂದು ಬರೆದಿದ್ದಾರೆ. ಭೂಮಿಯ ಒಡೆಯ ಮೊದಲು ಬರುತ್ತಾನೆ, ನಿಜ. ಅವನ ಬೆನ್ನಿಗೇ ಮೂರು ವರ್ಷದಿಂದ ಅಲ್ಲಿ ದುಡಿಯುತ್ತಿರುವ ಕೂಲಿಕಾರ, ಪಾಲಿಗೆ ಮಾಡುವವ, ಕೈಕಸುಬಿನವ ಬರುತ್ತಾರೆ. ಅಡವಿ ಅಥವಾ ನೀರನ್ನೇ ನಂಬಿ ಬದುಕುವವರು, ಅಂದರೆ ಮೀನು ಹಿಡಿಯುವವರು, ದೋಣಿ ನಡೆಸುವವರು, ಕಾಡಿನ ಹುಟ್ಟುವಳಿ ಆಯುವವರು ಕೂಡ ಹೆಸರು ಹಿಡಿದೇ ಬರುತ್ತಾರೆ. ಇವರು ಯಾರು, ಎಷ್ಟು ಮಂದಿ ಎಂದು ಗೊತ್ತಾಗಬೇಕಾದದ್ದು ಸಾಮಾಜಿಕ ಪರಿಣಾಮದ ಅಧ್ಯಯನದಲ್ಲಿ, ಊರವರ ಮುಂದೆ ನಡೆಯುವ ವಿಚಾರಣೆಯಲ್ಲಿ. ಆದರೆ ಕರ್ನಾಟಕ 2019ರಲ್ಲಿ ತನ್ನದೇ ತಿದ್ದುಪಡಿ ತಂದು, ನೀರಾವರಿಯೂ ಸೇರಿದಂತೆ ಕೆಲವು ಬಗೆಯ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಕೊಡುವ ಅಧಿಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿದೆ. ಮೇಲೆ ಒಪ್ಪಂದದ ಐತೀರ್ಪು, ಅಂದರೆ ಒಪ್ಪಿದ ದರಕ್ಕೆ ಸಹಿ ಹಾಕಿಸಿಕೊಂಡು ಹೊರಡಿಸುವ ಪರಿಹಾರದ ಆದೇಶ, ಬೇರೆ. ಒಪ್ಪಂದ ಆಗುವುದು ಒಡೆಯನಿಗೂ ಸರಕಾರಕ್ಕೂ ನಡುವೆ. ಮೂರನೆಯವನಿಗೆ ಆ ಕಾಗದದಲ್ಲಿ ಸಹಿ ಹಾಕುವ ಜಾಗವೇ ಇರುವುದಿಲ್ಲ.

ಆ ಮೂರನೆಯವ ಯಾರೋ ಪರದೇಶಿಯಲ್ಲ. ನಿಮ್ಮ ಕಬ್ಬಿಗೆ ಬೀಜ ಕಡಿದು ನಾಟಿ ಮಾಡುವವಳು, ಕಳೆ ತೆಗೆಯುವವಳು, ಮಳೆಗಾಲದಲ್ಲಿ ಮೋಟರು ಹೊಳೆಯಿಂದ ಮೇಲೆ ಎಳೆದು ತರಲು ನಡುರಾತ್ರಿ ನಿಮ್ಮ ಜೊತೆ ಕೆಸರಿಗೆ ಇಳಿಯುವವನು. ಕಬ್ಬು ಕಡಿಯುವ ಗ್ಯಾಂಗು ಹೊರಗಿನಿಂದ ಬಂದು ಸೀಜನ್ ಮುಗಿಸಿ ಹೋಗುತ್ತದೆ. ಉಳಿದ ಎಂಟು ತಿಂಗಳ ಕೆಲಸ ಊರಿನ ಕೇರಿಯವರದು. ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಬಾಡಗಂಡಿ ಎಂದು ಸುತ್ತಲೂ ಸಕ್ಕರೆ ಕಾರ್ಖಾನೆಗಳಿರುವ ಈ ಸೀಮೆಯಲ್ಲಿ ಒಂದು ಎಕರೆ ಕಬ್ಬು ಹೋದರೆ ಎಷ್ಟು ಆಳಿನ ಕೂಲಿ ಹೋಗುತ್ತದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹತ್ತು ಎಕರೆ ಕಳೆದುಕೊಂಡರೆ ನೀವು ನಾಲ್ಕು ಕೋಟಿ ಹಿಡಿದು ಬೇರೆ ಕಡೆ ಹೊಲ ನೋಡಬಹುದು. ಅವಳು ಯಾವ ಹೊಲ ಹುಡುಕಿಕೊಂಡು ಹೋಗಬೇಕು?

ಪಾಲಿಗೆ ಮಾಡುವವನ ಸಂಗತಿ ಇನ್ನೂ ಬಿಗಿ. 1974ರ ಭೂಸುಧಾರಣೆಯ ನಂತರ ಗೇಣಿ ಅನ್ನುವುದು ಕಾಗದದ ಮೇಲೆ ಸತ್ತುಹೋಯಿತು, ಹೊಲದಲ್ಲಿ ಸಾಯಲಿಲ್ಲ. ಗೇಣಿದಾರ ಭೂಮಿ ಕೇಳಿ ಅರ್ಜಿ ಹಾಕುತ್ತಿದ್ದ ಫಾರ್ಮ್ ನಂಬರ್ ಏಳರ ಕಾಲದ ಹೆದರಿಕೆ ಇವತ್ತಿಗೂ ಮನೆಗಳಲ್ಲಿದೆ. ಹಾಗಾಗಿ ಪಾಲಿನವನ ಹೆಸರನ್ನು ಎಲ್ಲೂ ಬರೆಯಗೊಡುವುದಿಲ್ಲ. ಹತ್ತು ವರ್ಷ ಅವನು ನಿಮ್ಮ ಹೊಲ ಮಾಡಿದ್ದಕ್ಕೆ ಸಾಕ್ಷಿ ತಹಶೀಲ್ದಾರ ಕಚೇರಿಯಲ್ಲಿ ಸಿಗಲಾರದು. ಅದು ಇರುವುದು ನಿಮ್ಮ ಬಾಯಲ್ಲಿ. ನೀವು ಹೌದು ಅಂದರೆ ಅವನು ಬಾಧಿತ, ಸುಮ್ಮನಿದ್ದರೆ ಅವನು ಯಾರೂ ಅಲ್ಲ. ಬಾಧಿತ ಕುಟುಂಬ ಎಂದು ಬರೆಸಿದ ಮಾತ್ರಕ್ಕೆ ಅವನಿಗೆ ನಿಮ್ಮ ಜಮೀನಿನ ಮಾಲೀಕತ್ವ ಬರುವುದಿಲ್ಲ, ನಿಮ್ಮ 40 ಲಕ್ಷದಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಅವನ ಪುನರ್ವಸತಿ ಬೇರೆ ಲೆಕ್ಕ.

ಇನ್ನು ಅಂಬಿಗರು. ಕೃಷ್ಣೆ ಘಟಪ್ರಭೆಗಳ ಮೇಲೆ ಸೇತುವೆ ಏಳುವ ಮೊದಲು ನಮ್ಮ ಅಜ್ಜಂದಿರ ಸಂತೆ, ಸೋಬಾನ, ಹೆರಿಗೆ ಎಲ್ಲವೂ ಇವರ ತೆಪ್ಪದಲ್ಲೇ ದಾಟಿದ್ದು. ನೆರೆ ಬಂದಾಗ ಕರೆ ಹೋಗುವುದು ಈಗಲೂ ಇವರಿಗೇ. ಹೊಳೆ ಹಿನ್ನೀರಾದ ಮೇಲೆ ನೀರು ಹಬ್ಬಿತು, ಮೀನು ಹೆಚ್ಚಿತು, ಅದರ ಹಿಂದೆ ಗುತ್ತಿಗೆ, ಲೈಸೆನ್ಸು, ದೊಡ್ಡ ಬಲೆಯವರು ಬಂದರು. ನೀರಾವರಿ ಯೋಜನೆಯಾದರೆ ಬಾಧಿತ ಕುಟುಂಬಗಳಿಗೆ ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಕೊಡಬಹುದು ಎಂದು ಅದೇ ಎರಡನೇ ಅನುಸೂಚಿಯಲ್ಲಿದೆ. ಯಾವ ಮನವಿ ಪತ್ರದಲ್ಲೂ ಈ ಒಂದು ಸಾಲು ನಾನು ಓದಿಲ್ಲ. ಕೇಳಲು ಖರ್ಚಿಲ್ಲದ ಬೇಡಿಕೆ ಇದು.

ಹಳ್ಳಿಗಳು ಎದ್ದು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಗೆ ಉತ್ತರ ಮೇಲಿನ ಮಡ್ಡಿಗೆ ಎಂದು. ಪುನರ್ವಸತಿ ಕೇಂದ್ರ ಎರಿ ಭೂಮಿಯಲ್ಲಿ ಆಗುವುದಿಲ್ಲ. ಕಲ್ಲು, ಕುರುಚಲು, ಹುಲ್ಲಿನ ಎತ್ತರದ ಜಾಗವೇ ಅದಕ್ಕೆ ಸಿಗುವುದು. ನಕಾಶೆಯಲ್ಲಿ ಅದು ಖಾಲಿ ಜಾಗ. ಕುರಿ ಕಾಯುವವನಿಗೆ ಅದು ಮಳೆಗಾಲದ ಮೇವು. ಅವನ ಹಿಂಡನ್ನು ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಂಡು ಗೊಬ್ಬರ ಮಾಡಿಸಿಕೊಂಡವರು ನಾವೇ. ಎರಿ ಹೊಲಗಳಿಗೆ ನೀರು ಹೆಚ್ಚಾಗಿ, ಗೊಬ್ಬರದ ಚೀಲ ಹೆಚ್ಚಾಗಿ, ಸವಳು-ಜವಳು ಬಿದ್ದು ಬೆಳ್ಳಗಾದ ಮೇಲೆ ಆ ಕುರಿ ಗೊಬ್ಬರದ ಬೆಲೆ ಕೆಲವರಿಗೆ ನೆನಪಾಗಿದೆ.

ಮಡ್ಡಿಯಿಂದ ಮೇಲೆ ಗುಡ್ಡ. ಹಲಗಲಿಯ ಕಡೆಯ ಗುಡ್ಡಗಳ ಮಾತು ಬಂದರೆ ನಮ್ಮವರ ಎದೆ ಉಬ್ಬುತ್ತದೆ. 1857ರಲ್ಲಿ ಆಯುಧ ಒಪ್ಪಿಸಿ ಎಂದು ಬ್ರಿಟಿಷ್ ಸರಕಾರ ಕಾನೂನು ತಂದಾಗ ಮುಧೋಳ ಸಂಸ್ಥಾನದ ಈ ಪುಟ್ಟ ಹಳ್ಳಿಯ ಬೇಡರು ಒಪ್ಪಿಸುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ 11ರಂದು ಮುಧೋಳದಲ್ಲಿ ಹದಿಮೂರು ಮಂದಿಯನ್ನು, 14ರಂದು ಹಲಗಲಿಯಲ್ಲೇ ಆರು ಮಂದಿಯನ್ನು ಗಲ್ಲಿಗೆ ಹಾಕಿದರು. ಆ ಕಥೆಯ ಲಾವಣಿಯನ್ನು ಮುಂದೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮ ಮಕ್ಕಳು ಅದನ್ನು ಶಾಲೆಯಲ್ಲಿ ಓದುತ್ತಾರೆ.

ನನಗೆ ಆ ಲಾವಣಿಯಲ್ಲಿ ವೀರರಸಕ್ಕಿಂತ ಮುಖ್ಯವಾಗಿ ಕಂಡದ್ದು ಅದರೊಳಗಿನ ಒಂದು ಯಾದಿ. ದಂಡಿನವರು ಊರಿನಿಂದ ಏನೇನು ದೋಚಿದರು ಎಂದು ಹಾಡುಗಾರ ಒಂದೊಂದಾಗಿ ಎಣಿಸುತ್ತಾನೆ. ಎತ್ತು ಎಮ್ಮೆಯಲ್ಲಿ ಅವನು ನಿಲ್ಲುವುದಿಲ್ಲ. ಬೆಣ್ಣೆ, ಉಪ್ಪು, ಅರಿಷಿಣ, ಬೀಸುಕಲ್ಲು, ಕೊನೆಗೆ ಹೆಂಗಸರ ತಾಳಿಯವರೆಗೆ ಹೋಗುತ್ತಾನೆ. ನಾನು ನೋಡಿದ ಯಾವ ಜಂಟಿ ಅಳತೆಯ ಪಟ್ಟಿಯೂ ಇಷ್ಟು ಪ್ರಾಮಾಣಿಕವಾಗಿಲ್ಲ. ನಮ್ಮ ಪಟ್ಟಿಗಳಲ್ಲಿ ಗಿಡ, ಬಾವಿ, ಪೈಪು, ಮನೆಯ ತೊಲೆ-ಜಂತೆ ಬರುತ್ತವೆ, ಅವು ಬರುವುದು ಉತಾರದ ಹಿಂದೆ. ಉತಾರವಿಲ್ಲದ ಮನೆಯ ಉಪ್ಪು-ಅರಿಷಿಣ ಎಲ್ಲಿಂದ ಬರುತ್ತಿತ್ತು, ನಾಳೆ ಎಲ್ಲಿಂದ ಬರಬೇಕು ಎಂದು ಬರೆಯುವ ಕಾಲಂ ಆ ನಮೂನೆಯಲ್ಲಿ ಇಲ್ಲ.

ಬೇಡರು ಇಂದು ಕಾನೂನಿನ ಕಣ್ಣಲ್ಲಿ ಪರಿಶಿಷ್ಟ ಪಂಗಡ. 1991ರಲ್ಲಿ ಬೇಡ, ಬೇಡರ್, ವಾಲ್ಮೀಕಿ ಹೆಸರುಗಳು ನಾಯಕ ಪಂಗಡದ ಜೊತೆ ಪಟ್ಟಿಗೆ ಸೇರಿದವು. ಪಟ್ಟಿ ಸೇರಿದ್ದು ಮೀಸಲಾತಿಗೆ ಉಪಯೋಗಕ್ಕೆ ಬಂತು. ಗುಡ್ಡದ ಮೇಲಿನ ಹಕ್ಕಿಗೆ ಬರಲಿಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ, ಹಾಗಾಗಿ ಜಾರ್ಖಂಡ್-ಒಡಿಶಾದ ಆದಿವಾಸಿ ಗ್ರಾಮಸಭೆಗಳಿಗೆ ಇರುವ ಪೇಸಾ ಕಾಯ್ದೆಯ ಬಲ ನಮ್ಮ ಗ್ರಾಮಸಭೆಗಳಿಗಿಲ್ಲ. ಇರುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದು ದಟ್ಟ ಕಾಡಿನ ಮಲೆನಾಡಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮ ಬಯಲುಸೀಮೆಯಲ್ಲಿ ಬಹಳ. ಮೇವು ಮೇಯಿಸುವ ಹಕ್ಕು, ಅಲೆದಾಡಿ ಮೇಯಿಸುವವರ ಹಕ್ಕೂ ಸೇರಿ, ನೀರಿನ ಮೀನಿನ ಹಕ್ಕು, ಊರಿನ ಒಟ್ಟು ಹಕ್ಕು ಎಲ್ಲವೂ ಅದರ ಮೂರನೇ ಕಲಮಿನಲ್ಲಿವೆ. ವನ್ಯಧಾಮದ ಒಳಗೂ ಅದು ನಡೆಯುತ್ತದೆ.

ವನ್ಯಧಾಮದ ಮಾತು ಯಾಕೆಂದರೆ ಬೀಳಗಿ ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ಗುಡ್ಡಗಳ ಸುಮಾರು 96 ಚದರ ಕಿಲೋಮೀಟರ್ ಈಗ ಚಿಂಕಾರ ವನ್ಯಧಾಮ. ಚಿಂಕಾರ ಉಳಿಯಬೇಕು, ಎರಡು ಮಾತಿಲ್ಲ. ಈ ಒಣ ಗುಡ್ಡದಲ್ಲಿ ಅವು ಇಷ್ಟು ದಿನ ಉಳಿದದ್ದೇ ಸುತ್ತಲಿನ ಊರುಗಳ ಜೊತೆ ಹೇಗೋ ಹೊಂದಿಕೊಂಡು. ಆದರೆ ಗುಡ್ಡದ ಒಂದು ಬದಿ ವನ್ಯಧಾಮವಾಯಿತು, ಲೋಕಾಪುರ-ಮುದ್ದಾಪುರದ ಬದಿಗೆ ಸುಣ್ಣಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಯೂ ಬಂದವು, ಕೆಳಗಿನಿಂದ ಹಿನ್ನೀರು ಏರಲಿದೆ, ನಡುವಿನ ಮಡ್ಡಿಯ ಮೇಲೆ ಪುನರ್ವಸತಿ ಊರು ಬರಲಿದೆ. ಒಂದೊಂದಕ್ಕೂ ಒಂದೊಂದು ಇಲಾಖೆ, ಒಂದೊಂದು ಆದೇಶ. ಕುರಿ ಹಿಂಡು ಹೊಡೆದುಕೊಂಡು ಹೋಗುವವನಿಗೆ ಮಾತ್ರ ಇವು ನಾಲ್ಕೂ ಒಂದೇ ದಾರಿಯಲ್ಲಿ ಎದುರಾಗುತ್ತವೆ. 51,837 ಎಕರೆಯಲ್ಲಿ ಕಾಲುವೆ ಕಟ್ಟಲು ಕಲ್ಲು, ಜಲ್ಲಿ, ಸಿಮೆಂಟು ಬೇಕು. ಅದು ಯಾವ ಗುಡ್ಡದಿಂದ ಬರುತ್ತದೆ ಎಂದು ಈಗಲೇ ಕೇಳಬೇಕಾದವರು ನೀವು. ಗಣಿ ಇರುವ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನ ಎಂದು 2015ರಿಂದ ಒಂದು ನಿಧಿಯಿದೆ, ರಾಜಧನದ ಮೇಲೆ ಗಣಿಯವರು ಕಟ್ಟುವ ದುಡ್ಡು. ಗಣಿಯಿಂದ ಬಾಧೆಪಟ್ಟ ಊರಿಗೇ ಅದು ಹೋಗಬೇಕು. ಅದು ಯಾವ ಊರಿನ ಯಾವ ಕೆಲಸಕ್ಕೆ ಹೋಯಿತು ಎಂದು ಗ್ರಾಮಸಭೆಯಲ್ಲಿ ಓದಿಸಿ.

ಇದನ್ನೆಲ್ಲ ನಿಮ್ಮ ಮುಂದೆ ಇಡುವುದಕ್ಕೆ ಕಾರಣ, ಸರಕಾರ ಮಾಡಲಾರದ್ದನ್ನು ಒಮ್ಮೆ ಮಾಡಿ ತೋರಿಸಿದ ಜನ ನೀವು. 1980ರ ದಶಕದ ಕೊನೆಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ಕೃಷ್ಣಾ ತೀರದ ರೈತರು ಸ್ವಂತ ದುಡ್ಡು ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಆ ಕೆಲಸವೇ ನ್ಯಾಮಗೌಡರನ್ನು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರ ಮೇಲೆ ಗೆಲ್ಲಿಸಿತು. ದೇಶವೇ ಬೆರಗಾಗಿ ನೋಡಿದ ಕೆಲಸ.

ಅದೇ ಹೊತ್ತಿಗೆ ಹೊಳೆಯ ಮೇಲ್ಗಡೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಕೃಷ್ಣೆಗೆ ಸೇರುವ ಯೇರಳಾ ನದಿಯ ಮೇಲೆ, ಅಲ್ಲಿನ ರೈತರೂ ತಾವೇ ಒಂದು ಸಣ್ಣ ಅಣೆಕಟ್ಟು ಕಟ್ಟಿಕೊಂಡರು. ಬಲಿರಾಜಾ ಎಂದು ಹೆಸರು. ನಮ್ಮದಕ್ಕೆ ಹೋಲಿಸಿದರೆ ಅದು ಚಿಕ್ಕದು. ಆದರೆ ಅವರು ನೀರನ್ನು ಎಕರೆ ಲೆಕ್ಕದಲ್ಲಿ ಹಂಚಲಿಲ್ಲ, ಮನೆ ಲೆಕ್ಕದಲ್ಲಿ ಹಂಚಿದರು. ಭೂಮಿ ಇಲ್ಲದ ಮನೆಗೂ ನೀರಿನ ಪಾಲು ಇಟ್ಟರು. ಒಂದೇ ಕಣಿವೆ, ಒಂದೇ ಕಾಲ, ಒಂದೇ ಬಗೆಯ ಬೆವರು. ಹಂಚಿಕೆ ಮಾತ್ರ ಬೇರೆ. ಸಾಂಗಲಿಯವರನ್ನು ನಾವು ಈಗ ನೆರೆಯ ನೀರಿನ ಜಗಳದಲ್ಲಿ ಮಾತ್ರ ನೆನೆಯುತ್ತೇವೆ, ಇದನ್ನೂ ಒಂದಿಷ್ಟು ನೆನೆಯಬಹುದಿತ್ತು. ನರ್ಮದೆಯ ಕಡೆಯೂ 1979ರ ನ್ಯಾಯಮಂಡಳಿ ತೀರ್ಪು ಭೂಮಿಗೆ ಬದಲು ಭೂಮಿ ಕೊಡಿಸಿದ್ದು ಭೂಮಿ ಇದ್ದವರಿಗೆ. ಜನ ಎಂಟು ವರ್ಷ ಕಾದಾಡಿದ ಮೇಲೆ 1987ರಲ್ಲಿ ಗುಜರಾತ್ ಸರಕಾರ ಭೂಹೀನ ಕುಟುಂಬಗಳಿಗೂ ಐದು ಎಕರೆ ಎಂಬ ನೀತಿ ತರಬೇಕಾಯಿತು. ಜಾರಿಯಲ್ಲಿ ಅದು ಎಷ್ಟು ಸೋರಿತು ಎಂಬುದು ಬೇರೆ ಕಥೆ, ಆದರೆ ಕೇಳಿದರೆ ಕೊಡಲು ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ನಿಮ್ಮಲ್ಲಿ ಕೆಲವರ ಆಕ್ಷೇಪ ನನಗೆ ಈಗಲೇ ಕೇಳಿಸುತ್ತಿದೆ. "ನಮ್ಮದೇ ಇನ್ನೂ ಕೈಗೆ ಬಂದಿಲ್ಲ. ಇವರನ್ನೆಲ್ಲ ಸೇರಿಸಿದರೆ ಸರಕಾರ ಇದೇ ನೆಪ ಮಾಡಿ ಇನ್ನಷ್ಟು ಎಳೆಯುತ್ತದೆ." ಎಳೆಯುವ ಸರಕಾರಕ್ಕೆ ನೆಪದ ಬರಗಾಲ ಯಾವತ್ತೂ ಇರಲಿಲ್ಲ, 1964ರಿಂದ ನೋಡುತ್ತಿದ್ದೇವೆ. ನನ್ನ ಮಾತು ಇದರ ಉಲ್ಟಾ. ಒಪ್ಪಂದದ ಐತೀರ್ಪಿಗೆ ಸಹಿ ಹಾಕಿದ ಮೇಲೆ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋಗುವ ದಾರಿ ನಿಮಗೆ ಮುಚ್ಚುತ್ತದೆ. ಸರಕಾರಕ್ಕೆ ಬೇಕಾಗಿರುವುದೂ ಅದೇ. ಅಂದರೆ ನಿಮ್ಮ ಸಹಿಗೆ ಬೆಲೆ ಇರುವುದು ಅದು ಬೀಳುವ ಮೊದಲಿನ ದಿನಗಳಲ್ಲಿ ಮಾತ್ರ. ಆ ದಿನಗಳಲ್ಲಿ ನಿಮ್ಮ ಜೊತೆ ಇಡೀ ಕೇರಿ, ಇಡೀ ದಂಡೆ ನಿಂತರೆ ನಿಮ್ಮ ಬಲ ಕುಗ್ಗುವುದೋ, ಹೆಚ್ಚುವುದೋ?

ಇನ್ನೊಂದು ಮಾತನ್ನು ಹೆಣ್ಣುಮಕ್ಕಳು ಸಭೆಯಲ್ಲಿ ಹೇಳುವುದಿಲ್ಲ, ಅಡುಗೆಮನೆಯಲ್ಲಿ ಹೇಳುತ್ತಾರೆ. ಹಿಂದಿನ ಸುತ್ತಿನ ದುಡ್ಡು ಗಂಡಸರ ಖಾತೆಗೆ ಬಂದು, ಮದುವೆ, ಗಾಡಿ, ಬಡ್ಡಿ ವ್ಯವಹಾರದಲ್ಲಿ ಕರಗಿದ ಮನೆಗಳು ನಿಮ್ಮ ಬಂಧು-ಬಳಗದಲ್ಲೇ ಇವೆ. ಉತಾರದಲ್ಲಿ ಹೆಸರಿಲ್ಲದವರ ಪಟ್ಟಿ ಮಾಡಲು ಕೂತರೆ ಮೊದಲ ಹೆಸರುಗಳು ನಿಮ್ಮ ಮನೆಯೊಳಗಿನವೇ ಆಗಬಹುದು. ಪರಿಹಾರ ಜಂಟಿ ಖಾತೆಗೆ ಬರಲಿ ಎಂದು ಸಮಿತಿ ಠರಾವು ಮಾಡಿದರೆ ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ರಬಕವಿ-ಬನಹಟ್ಟಿಯ ಕಡೆ, ಹಿಪ್ಪರಗಿ ಬ್ಯಾರೇಜಿನ ಆಚೀಚಿನ ಹಳ್ಳಿಗಳವರು ಇದು ನಮಗೆ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ಮಗ್ಗದ ಮನೆಗೆ ನೀರು ನುಗ್ಗಿದಾಗ ಮನೆಯ ಒಡೆಯನಿಗೆ ಗೋಡೆಯ ಪರಿಹಾರ ಸಿಗುತ್ತದೆ. ಬಾಡಿಗೆಗೆ ಕೂತು ಕೂಲಿಗೆ ನೇಯುವವನ ತೊಯ್ದ ನೂಲು, ನಿಂತ ಮಗ್ಗ ಯಾರ ಲೆಕ್ಕಕ್ಕೆ? ಕಾಯ್ದೆಯಲ್ಲಿ ಕೈಕಸುಬಿನವರು ಎಂದು ಬರೆದಿರುವುದು ಇಂಥವರನ್ನೇ.

ಹಾಗಾದರೆ ಮಾಡಬೇಕಾದದ್ದು ಏನು? ಪ್ರತಿ ಹಳ್ಳಿಯ ಸಮಿತಿ ಒಂದು ವಹಿ ತೆರೆಯಲಿ. ಅದರಲ್ಲಿ ಹೊಲದ ಒಡೆಯರು ಬೇಡ, ಅವರ ದಾಖಲೆ ಬೇಕಾದಷ್ಟಿದೆ. ಪಾಲಿನವರು, ಕೂಲಿಯವರು, ಮೀನಿನವರು, ಕುರಿಯವರು, ಹಿನ್ನೀರು ಇಳಿದ ಮೇಲೆ ದಂಡೆಯಲ್ಲಿ ಒಂದಿಷ್ಟು ಕಡಲೆ ಬಿತ್ತಿಕೊಳ್ಳುವವರು, ಮೂರು ವರ್ಷದಿಂದ ಯಾರ ಹೊಲದಲ್ಲಿ, ಯಾವ ನೀರಿನಲ್ಲಿ, ಯಾವ ಗುಡ್ಡದಲ್ಲಿ ಬದುಕಿದರು ಎಂದು ಬರೆಯಿರಿ. ಹೊಲದ ಒಡೆಯ ಪಕ್ಕದಲ್ಲಿ ಸಾಕ್ಷಿ ಸಹಿ ಹಾಕಲಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಯಲ್ಲಿ ಸೇರಿಸಿ, ಒಂದು ಪ್ರತಿ ಪುನರ್ವಸತಿ ಆಯುಕ್ತರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ನಿಮ್ಮ ಶಾಸಕರಿಗೆ ಕೊಡಿ. ಹಲಗಲಿ-ಯಡಹಳ್ಳಿ ಸುತ್ತಿನ ಊರುಗಳು ಇದೇ ವಹಿಯ ಬಲದ ಮೇಲೆ ಅರಣ್ಯ ಹಕ್ಕು ಸಮಿತಿಗೆ ಮೇವಿನ ಹಕ್ಕಿನ ಅರ್ಜಿ ಹಾಕಬಹುದು. ಪುನರ್ವಸತಿಗೆ ಜಾಗ ತೋರಿಸಲು ಅಧಿಕಾರಿಗಳು ಬಂದ ದಿನ ಕುರಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಬರೆಯಲು ಕೈ ಕಡಿಮೆ ಬಿದ್ದರೆ ನಮ್ಮ ಕಾಲೇಜುಗಳಲ್ಲಿ ಓದಿದ ನಿಮ್ಮದೇ ಮಕ್ಕಳಿದ್ದಾರೆ, ಅವರ ಜೊತೆ ಕೂತು ನಾನೂ ಬರೆಯುತ್ತೇನೆ. ಐತೀರ್ಪಿನ ಕಾಗದ ನಿಮ್ಮ ಊರಿಗೆ ಬರುವ ಮೊದಲು ಈ ವಹಿ ಮುಗಿದಿರಬೇಕು.

ನಿಮ್ಮವನೇ,
ಜಮಖಂಡಿ ಸೀಮೆಯ ಒಬ್ಬ ಮೇಷ್ಟ್ರು